ಅಮ್ಮ ಹೋದ ದಿನದ ಬೆಲೆಯೋ, ಪಾಲು ಹಂಚುವ ದಿನದ ಬೆಲೆಯೋ?

ಪ್ರಶ್ನೆ: ನಮ್ಮ ತಾಯಿ ತೀರಿಕೊಂಡು 14 ತಿಂಗಳಾಯಿತು. ಅವರ ವಿಲ್‌ಗೆ ನಾನೇ ಎಕ್ಸಿಕ್ಯೂಟರ್, ಅಂದರೆ ಅದರಲ್ಲಿ ಬರೆದ ಹಾಗೆ ಆಸ್ತಿ ಹಂಚುವ ಹೊಣೆ ನನ್ನದು. ಒಡವೆಯೆಲ್ಲ ತಂಗಿಗೆ, ಒಂದು ಅನಾಥಾಲಯಕ್ಕೆ ಇಂತಿಷ್ಟು ಹಣ, ಮಿಕ್ಕಿದ್ದು ನಾವು ಮೂವರು ಮಕ್ಕಳಿಗೆ ಸಮಪಾಲು ಅಂತ ಬರೆದಿದ್ದಾರೆ. ಮಿಕ್ಕಿದ್ದು ಅಂದರೆ ಮನೆ, ಶೇರು ಮತ್ತು ಬ್ಯಾಂಕ್ ಠೇವಣಿ. ಅಮ್ಮನ ಜೊತೆಗೇ ಇದ್ದ ತಮ್ಮ ಮನೆಯನ್ನು ತಾನು ಇಟ್ಟುಕೊಳ್ಳುತ್ತಾನೆ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅಮ್ಮ ಹೋದ ದಿನದ ಬೆಲೆ ಹಿಡಿಯಬೇಕು ಅನ್ನುತ್ತಾನೆ. ಈಗ ಬೆಲೆ ಜಾಸ್ತಿಯಾಗಿದೆ, ಇವತ್ತಿನದೇ ಹಿಡಿಯಬೇಕು ಅನ್ನುತ್ತಾಳೆ ತಂಗಿ. ಹಾಗಾದರೆ ನಿನ್ನ ಒಡವೆಯ ಬೆಲೆಯೂ ಏರಿದೆ, ಅದನ್ನೂ ಲೆಕ್ಕಕ್ಕೆ ತಾ ಅಂತ ತಮ್ಮ. ಯಾರು ಹೇಳುವುದು ಸರಿ?

ಉತ್ತರ: ನಿಮ್ಮ ತಮ್ಮ ಮತ್ತು ತಂಗಿ ಇಬ್ಬರೂ ಹೇಳುವ ಬೆಲೆಗಳಿಗೆ ಅದರದರ ಜಾಗವಿದೆ. ಆದರೆ ಮನೆಯ ವಿಷಯದಲ್ಲಿ ತಂಗಿ ಹೇಳುವುದು ಸರಿ. ಒಡವೆಯ ವಿಷಯದಲ್ಲಿ ತಮ್ಮ ಹೇಳುವುದು ತಪ್ಪು. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ನಿಮಗೆ ಅರ್ಥವಾದರೆ ಸಾಲದು, ಅವರಿಬ್ಬರಿಗೂ ನೀವೇ ಕೂತು ಹೇಳಬೇಕಾಗುತ್ತದೆ.

ಒಂದು ಆಸ್ತಿಗೆ ಒಂದೇ ಬೆಲೆ ಇರುತ್ತದೆ ಅಂದುಕೊಂಡಾಗಲೇ ಇಂಥ ಜಗಳ ಶುರುವಾಗುವುದು. ಬೆಲೆ ಯಾವ ಕೆಲಸಕ್ಕೆ, ಯಾವ ದಿನಕ್ಕೆ ಅಂತ ಮೊದಲು ಕೇಳಿಕೊಳ್ಳಬೇಕು. ಎಕ್ಸಿಕ್ಯೂಟರ್‌ಗೆ ಸಾಮಾನ್ಯವಾಗಿ ಎರಡು ಸಲ ಬೆಲೆ ಬೇಕಾಗುತ್ತದೆ. ಮೊದಲನೆಯದು ತೀರಿಕೊಂಡ ದಿನದ ಬೆಲೆ. ಇದು ನ್ಯಾಯಾಲಯಕ್ಕೆ ಕೊಡುವ ಆಸ್ತಿಪಟ್ಟಿಗೆ ಮತ್ತು ತೆರಿಗೆಗೆ. ಎರಡನೆಯದು ಪಾಲು ಕೈಗೆ ಕೊಡುವ ದಿನದ ಬೆಲೆ. ಇದು ಪಾಲುದಾರರ ನಡುವಿನ ಲೆಕ್ಕಕ್ಕೆ. ನಿಮ್ಮ ತಮ್ಮ ಮೊದಲನೆಯದನ್ನು ತಂದು ಎರಡನೆಯದರ ಜಾಗದಲ್ಲಿ ಕೂರಿಸುತ್ತಿದ್ದಾನೆ. ಬಹಳ ಜನ ಹೀಗೆ ಮಾಡುತ್ತಾರೆ. ನ್ಯಾಯಾಲಯಕ್ಕೆ ಕೊಟ್ಟ ಪಟ್ಟಿಯಲ್ಲಿ ಅಂಕಿ ಬರೆದಾಗಿದೆ, ಸಹಿ ಹಾಕಿಯಾಗಿದೆ, ಮತ್ತೆ ಇನ್ನೊಂದು ಬೆಲೆ ಯಾಕೆ ಅನ್ನಿಸುವುದು ಸಹಜ ಅಲ್ವಾ?

ಯಾಕೆ ಅಂದರೆ, ಹಂಚುವವರೆಗೂ ಮನೆ ನಿಮ್ಮ ತಮ್ಮನದಲ್ಲ. ವಿಲ್‌ನಲ್ಲಿ ಮನೆ ಅವನಿಗೆ ಅಂತ ಬರೆದಿಲ್ಲ. ಅದು ಮೂವರಿಗೂ ಸೇರಬೇಕಾದ ಒಟ್ಟು ಗಂಟಿನ ಒಂದು ಭಾಗ. ಈ 14 ತಿಂಗಳಲ್ಲಿ ಬೆಲೆ ಏರಿದ್ದರೆ ಆ ಏರಿಕೆ ಗಂಟಿಗೆ ಸೇರಿದ್ದು, ಅಂದರೆ ಮೂವರದ್ದೂ. ಇಳಿದಿದ್ದರೆ ನಷ್ಟವೂ ಮೂವರದ್ದೇ ಆಗುತ್ತಿತ್ತು. ಇಳಿದಿದ್ದ ಪಕ್ಷದಲ್ಲಿ ಅಮ್ಮ ಹೋದ ದಿನದ ಬೆಲೆಗೇ ಮನೆ ತೆಗೆದುಕೊಳ್ಳುತ್ತಿದ್ದೆಯಾ ಅಂತ ತಮ್ಮನನ್ನು ಮೆಲ್ಲಗೆ ಕೇಳಿ ನೋಡಿ.

ರೂಪಾಯಿ, ಡಾಲರ್ ಎಲ್ಲ ಬಿಟ್ಟು ಬರೀ ಅಂಕಿಯಲ್ಲಿ ಲೆಕ್ಕ ಹಾಕೋಣ. ಸಾಲ, ಖರ್ಚು, ಅನಾಥಾಲಯದ ಹಣ ಎಲ್ಲ ಕಳೆದ ಮೇಲೆ ಉಳಿದದ್ದು ಇಷ್ಟು ಅಂದುಕೊಳ್ಳಿ. ಅಮ್ಮ ಹೋದ ದಿನ ಮನೆ 60, ಶೇರು 30, ಠೇವಣಿ 30. ಒಟ್ಟು 120. ಈಗ ಮನೆ 75 ಆಗಿದೆ, ಶೇರು 24ಕ್ಕೆ ಇಳಿದಿದೆ, ಠೇವಣಿ ಬಡ್ಡಿ ಸೇರಿ 33 ಆಗಿದೆ. ಒಟ್ಟು 132. ಒಬ್ಬೊಬ್ಬರಿಗೆ 44 ಬರಬೇಕು. ತಮ್ಮ 75ರ ಮನೆ ಇಟ್ಟುಕೊಂಡರೆ 31 ವಾಪಸ್ ಗಂಟಿಗೆ ಹಾಕಬೇಕು. ಆಗ ಶೇರಿನ 24, ಠೇವಣಿಯ 33, ತಮ್ಮ ತಂದ 31 ಸೇರಿ 88. ನಿಮಗೆ 44, ತಂಗಿಗೆ 44. ಸರಿಹೋಯಿತು.

ತಮ್ಮ ಹೇಳಿದ ಹಾಗೆ ಮಾಡಿದರೆ ಏನಾಗುತ್ತದೆ? 120ರಲ್ಲಿ ತಲಾ 40. ಮನೆ 60 ಅಂತ ಹಿಡಿದು ಅವನು 20 ಮಾತ್ರ ಹಾಕುತ್ತಾನೆ. ನಿಜವಾಗಿ ಅವನ ಕೈಯಲ್ಲಿ ಉಳಿಯುವುದು 75ರಲ್ಲಿ 20 ಕಳೆದು 55. ನಿಮಗೂ ತಂಗಿಗೂ ಉಳಿಯುವುದು 24, 33, 20 ಸೇರಿ 77, ಅಂದರೆ ತಲಾ ಮೂವತ್ತೆಂಟೂವರೆ. ವಿಲ್‌ನಲ್ಲಿ ಅಮ್ಮ ಬರೆದದ್ದು ಸಮಪಾಲು. ಇದು ಸಮ ಅಲ್ಲ. ಈ ಲೆಕ್ಕವನ್ನು ನಿಮ್ಮ ಅಂಕಿಗಳನ್ನೇ ಹಾಕಿ ಒಂದು ಹಾಳೆಯಲ್ಲಿ ಬರೆದು ತೋರಿಸಿ. ಬಾಯಲ್ಲಿ ಹತ್ತು ಸಲ ಹೇಳಿದ್ದಕ್ಕಿಂತ ಇದು ಬೇಗ ಮನಸ್ಸಿಗೆ ಹೋಗುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ನಯವಾಗಿ ನುಸುಳುತ್ತದೆ. ಮನೆಗೆ ಒಂದು ದಿನದ ಬೆಲೆ, ಶೇರಿಗೆ ಇನ್ನೊಂದು ದಿನದ ಬೆಲೆ ಹಿಡಿಯುವುದು. ಮನೆಯ ಮೌಲ್ಯಮಾಪನ ಮಾರ್ಚ್‌ನಲ್ಲಿ ಆಗಿರುತ್ತದೆ, ಶೇರಿನ ಬೆಲೆಯನ್ನು ಹಂಚುವ ದಿನ ಬೆಳಿಗ್ಗೆ ನೋಡಿರುತ್ತಾರೆ. ಯಾವ ದಿನ ಅಂತ ನಿಗದಿ ಮಾಡಿದರೂ ಆ ಸಲ ಹಂಚುವ ಎಲ್ಲ ಆಸ್ತಿಗೂ ಅದೇ ದಿನ ಇರಬೇಕು.

ನೀವು ಯಾವ ದೇಶದಲ್ಲಿದ್ದೀರಿ ಅಂತ ಬರೆದಿಲ್ಲ. ಕಾನೂನಿನ ವಿವರ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ, ಆದರೆ ಈ ತತ್ವ ಹಲವು ಕಡೆ ಒಂದೇ. 1975ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಇಂಥದ್ದೇ ಪ್ರಶ್ನೆ ಬಂದಿತ್ತು. ವಿಲ್ ಬರೆಯದೆ ಸತ್ತವರ ಸಂಗಾತಿ ವಾಸದ ಮನೆಯನ್ನು ತನ್ನ ಪಾಲಿಗೆ ತೆಗೆದುಕೊಳ್ಳುವಾಗ ಯಾವ ದಿನದ ಬೆಲೆ ಹಿಡಿಯಬೇಕು ಅನ್ನುವುದು. ಸತ್ತ ದಿನದ್ದಲ್ಲ, ಮನೆಯನ್ನು ಪಾಲಿಗೆ ವಹಿಸುವ ದಿನದ್ದು ಅಂತ ತೀರ್ಪಾಯಿತು.

ಆದರೆ ಇದೆಲ್ಲಕ್ಕಿಂತ ಮೊದಲು ವಿಲ್ ಅನ್ನು ಇನ್ನೊಂದು ಸಲ ಓದಿ. ‘ನನ್ನ ಮಗ ಮನೆ ಬೇಕೆಂದರೆ ಇಂಥ ಬೆಲೆಗೆ ತೆಗೆದುಕೊಳ್ಳಬಹುದು’ ಅಂತಲೋ, ಬೆಲೆ ಕಟ್ಟುವ ದಿನ ಇಂಥದ್ದು ಅಂತಲೋ ಅಮ್ಮ ಬರೆದಿದ್ದರೆ ಆ ಮಾತೇ ನಡೆಯಬೇಕು. ನಾನು ಮೇಲೆ ಹೇಳಿದ್ದು ವಿಲ್ ಏನೂ ಹೇಳದಿದ್ದಾಗ ಮಾತ್ರ.

ಈಗ ಒಡವೆ. ಒಡವೆ ತಂಗಿಗೆ ಅಂತ ಅಮ್ಮ ಹೆಸರು ಹಿಡಿದು ಕೊಟ್ಟಿದ್ದಾರೆ. ಇಂಥ ವಸ್ತು ಇಂಥವರಿಗೆ ಅಂತ ಬರೆದರೆ ಆ ವಸ್ತುವೇ ಹೋಗುತ್ತದೆ, ಅದರ ಬೆಲೆಯಲ್ಲ. ಚಿನ್ನ ಎರಡು ಪಟ್ಟು ಏರಿದರೂ ಅವಳು ಯಾರಿಗೂ ಏನೂ ಕೊಡಬೇಕಾಗಿಲ್ಲ. ಅರ್ಧಕ್ಕೆ ಇಳಿದಿದ್ದರೂ ಉಳಿದವರಿಂದ ಕೇಳುವ ಹಾಗಿರಲಿಲ್ಲ. ಅಮ್ಮ ಬದುಕಿದ್ದಾಗಲೇ ಒಂದು ಸರ ಮಾರಿದ್ದರೆ ಆ ಸರದ ಮಟ್ಟಿಗೆ ವಿಲ್‌ನ ಮಾತು ಬಿದ್ದುಹೋಗುತ್ತದೆ. ಅದರ ಬದಲಿಗೆ ಹಣ ಕೊಡಿ ಅಂತ ಕೇಳಲು ಸಾಮಾನ್ಯವಾಗಿ ಬರುವುದಿಲ್ಲ. ಒಡವೆಯ ಬೆಲೆ ನಿಮಗೆ ಬೇಕಾಗುವುದು ನ್ಯಾಯಾಲಯದ ಪಟ್ಟಿಗೆ, ತೆರಿಗೆ ಇರುವ ಕಡೆ ತೆರಿಗೆಗೆ. ಜೊತೆಗೆ ಇನ್ನೊಂದು ಸಂದರ್ಭಕ್ಕೆ: ಸಾಲ ತೀರಿಸಿದ ಮೇಲೆ ವಿಲ್‌ನಲ್ಲಿ ಬರೆದದ್ದನ್ನೆಲ್ಲ ಕೊಡಲು ಆಸ್ತಿ ಸಾಲದೆ ಪಾಲುಗಳಿಗೆ ಕತ್ತರಿ ಹಾಕಬೇಕಾಗಿ ಬಂದಾಗ. ಆಗಲೂ ಮೊದಲು ಕರಗುವುದು ಮಿಕ್ಕಿದ ಆಸ್ತಿ, ಆಮೇಲೆ ಇಂತಿಷ್ಟು ಹಣ ಅಂತ ಬರೆದ ಕೊಡುಗೆಗಳು, ಕೊನೆಗೆ ಹೆಸರು ಹಿಡಿದು ಕೊಟ್ಟ ವಸ್ತುಗಳು. ನಿಮ್ಮ ಮನೆಯಲ್ಲಿ ಆ ಪರಿಸ್ಥಿತಿ ಕಾಣುತ್ತಿಲ್ಲ.

ಪಟ್ಟಿಗೆ ಬೆಲೆ ಬರೆಯುವಾಗ ಅಂಗಡಿಯಲ್ಲಿ ಹೊಸದಾಗಿ ಮಾಡಿಸಿದರೆ ಎಷ್ಟಾಗುತ್ತದೆ ಅಂತ ಬರೆಯಬೇಡಿ. ತೂಕ, ಶುದ್ಧತೆ, ಆ ದಿನದ ಚಿನ್ನದ ದರ ಇವು ಮುಖ್ಯ. ಮಜೂರಿ ಮಾರುವಾಗ ವಾಪಸ್ ಬರುವುದಿಲ್ಲ. ಕಲ್ಲುಗಳನ್ನು ಬೇರೆಯಾಗಿ ನೋಡಿಸಿ, ತೂಕದಿಂದ ಕಳೆಯಿರಿ.

ಅನಾಥಾಲಯದ ಹಣದ ವಿಷಯದಲ್ಲಿ ನನಗೆ ಸ್ವಲ್ಪ ಆತಂಕವಾಯಿತು. 14 ತಿಂಗಳಾದರೂ ಕೊಟ್ಟಿಲ್ಲ ಅಂತ ಕಾಣುತ್ತದೆ. ಇಂತಿಷ್ಟು ಹಣ ಅಂತ ಬರೆದ ಕೊಡುಗೆಗೆ ಮೌಲ್ಯಮಾಪನದ ಗೊಡವೆಯೇ ಇಲ್ಲ. ಮನೆ ಏರಲಿ ಇಳಿಯಲಿ, ಆ ಮೊತ್ತ ಹಾಗೇ ಇರುತ್ತದೆ. ಅದನ್ನು ಕೊಡಲು ಕಾನೂನು ಎಕ್ಸಿಕ್ಯೂಟರ್‌ಗೆ ಸಾಮಾನ್ಯವಾಗಿ ಒಂದು ವರ್ಷ ಸಮಯ ಕೊಡುತ್ತದೆ. ಭಾರತದ 1925ರ ಉತ್ತರಾಧಿಕಾರ ಕಾಯ್ದೆಯಲ್ಲೂ ಇದೇ ಒಂದು ವರ್ಷದ ಮಾತಿದೆ. ಅದರಾಚೆ ಬಡ್ಡಿ ಓಡಲು ಶುರುವಾಗುತ್ತದೆ. ಸಾಲ ತೀರಿಸಲು ಬೇಕಾದ ಹಣ ತೆಗೆದಿಟ್ಟ ಮೇಲೆ ಠೇವಣಿಯಿಂದ ಇದನ್ನು ಮೊದಲು ಕೊಟ್ಟುಬಿಡಿ. ನಿಮ್ಮ ಮೂವರ ಮಾತುಕತೆ ಮುಗಿಯಲಿ ಅಂತ ಆ ಮಕ್ಕಳು ಕಾಯಬೇಕಾಗಿಲ್ಲ.

ಮನೆಯ ಬೆಲೆ ಕಟ್ಟುವುದು ಹೇಗೆ? ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಮಾರುಕಟ್ಟೆ ಬೆಲೆ ಅಂದರೆ, ಕೊಳ್ಳಲು ಮನಸ್ಸಿರುವವನು, ಮಾರಲು ಮನಸ್ಸಿರುವವನು, ಇಬ್ಬರಿಗೂ ವಿಷಯ ಗೊತ್ತು, ಇಬ್ಬರಿಗೂ ಅವಸರವಿಲ್ಲ, ಒತ್ತಾಯವಿಲ್ಲ. ಆಗ ಕುದುರುವ ಬೆಲೆ. ಅಮೆರಿಕದ ತೆರಿಗೆ ನಿಯಮವೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. ವಿಮೆಗೆ ಬರೆಸಿದ ಮೊತ್ತ ಇದಲ್ಲ. ಅದು ಮನೆ ಬಿದ್ದರೆ ಕಟ್ಟಿಸಲು ಬೇಕಾದ ಖರ್ಚು. ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಬೆಲೆಯೂ ಇದಲ್ಲ. ಅದು ಮುದ್ರಾಂಕ ಶುಲ್ಕಕ್ಕೆ. ಪಕ್ಕದವರು ಮಾರಾಟಕ್ಕಿಟ್ಟು ಹೇಳುತ್ತಿರುವ ಬೆಲೆಯಂತೂ ಅಲ್ಲವೇ ಅಲ್ಲ. ಕೇಳುವ ಬೆಲೆ ಬೇರೆ, ಕೈ ಬದಲಾದ ಬೆಲೆ ಬೇರೆ.

ಸ್ವತಂತ್ರ ಮೌಲ್ಯಮಾಪಕರೊಬ್ಬರನ್ನು ಕರೆಸಿ. ಅವರಿಗೆ ಫೋನಿನಲ್ಲಿ ಹೇಳಿ ಸುಮ್ನೆ ಬಿಡಬೇಡಿ, ಪತ್ರ ಬರೆಯಿರಿ. ಪಾಲು ಹಂಚಲು ಬೇಕು, ಇಂಥ ದಿನಕ್ಕೆ ಬೇಕು, ಇಡೀ ಮನೆಯ ಬೆಲೆ ಬೇಕು ಅಂತ ಸ್ಪಷ್ಟವಾಗಿ ತಿಳಿಸಿ. ಮನೆಯ ಮೂರನೇ ಒಂದು ಪಾಲನ್ನು ಬೇರೆಯಾಗಿ ಮಾರಲು ಹೋದರೆ ಕಡಿಮೆ ಸಿಗುತ್ತದೆ ನಿಜ. ಆದರೆ ಇಲ್ಲಿ ಇಡೀ ಮನೆ ಒಬ್ಬನ ಕೈಗೆ ಹೋಗುತ್ತಿದೆ, ಆ ಕಡಿತ ಇಲ್ಲಿಗೆ ಹೊಂದುವುದಿಲ್ಲ. ಹಾಗೆಯೇ ‘ಒಳಗೆ ನಾನು ಇದ್ದೇನೆ, ಖಾಲಿ ಮನೆಯ ಬೆಲೆ ಹೇಗೆ ಹಿಡಿಯುತ್ತೀರಿ’ ಅಂತ ತಮ್ಮ ಕೇಳಬಹುದು. ಅವನು ಮಗನಾಗಿ ಅಮ್ಮನ ಜೊತೆ ಇದ್ದವನು. ಬಾಡಿಗೆ ಕರಾರು ಇಲ್ಲದಿದ್ದರೆ, ಮನೆ ಅವನಿಗೇ ಸೇರುವಾಗ, ಅವನು ವಾಸವಿರುವುದರಿಂದ ಬೆಲೆ ತಗ್ಗಬೇಕು ಅನ್ನುವುದು ನ್ಯಾಯವಲ್ಲ ಅಂತ ನನ್ನ ಅಭಿಪ್ರಾಯ. ಸೂರು ಸೋರುತ್ತಿದ್ದರೆ, ದಾಖಲೆಯಲ್ಲಿ ತೊಡಕಿದ್ದರೆ ಅದನ್ನು ಮೌಲ್ಯಮಾಪಕರಿಗೆ ಮುಚ್ಚಿಡಬೇಡಿ. ಅದರಿಂದ ಬೆಲೆ ಇಳಿದರೆ ಇಳಿಯಲಿ.

ಪತ್ರ ಕಳಿಸುವ ಮುಂಚೆ ಅದನ್ನು ತಮ್ಮನಿಗೂ ತಂಗಿಗೂ ತೋರಿಸಿ. ಮೌಲ್ಯಮಾಪಕರು ಯಾರು ಅನ್ನುವುದಕ್ಕೆ ಅಂಕಿ ಬರುವ ಮೊದಲೇ ಇಬ್ಬರ ಒಪ್ಪಿಗೆ ಪಡೆಯಿರಿ. ಅಂಕಿ ಬಂದ ಮೇಲೆ ಕೇಳಿದರೆ ಯಾರಿಗೆ ಅದು ಹಿಡಿಸಲಿಲ್ಲವೋ ಅವರಿಗೆ ಆ ಮನುಷ್ಯನೂ ಹಿಡಿಸುವುದಿಲ್ಲ. ಒಬ್ಬರ ಮೇಲೆ ಒಮ್ಮತ ಬರದಿದ್ದರೆ ಇಬ್ಬರಿಂದ ಮಾಡಿಸಿ. ಎರಡರ ನಡುವೆ ಸ್ವಲ್ಪವೇ ಅಂತರವಿದ್ದರೆ ಸರಾಸರಿ ಹಿಡಿಯುತ್ತೇವೆ, ಜಾಸ್ತಿ ಅಂತರವಿದ್ದರೆ ಮೂರನೆಯವರನ್ನು ಕರೆಯುತ್ತೇವೆ ಅಂತ ಮೊದಲೇ ಬರೆದುಕೊಳ್ಳಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನೀವು ಎಕ್ಸಿಕ್ಯೂಟರ್ ಮಾತ್ರವಲ್ಲ, ಪಾಲುದಾರರೂ ಹೌದು. ಮನೆಯ ಬೆಲೆ ಏರಿದಷ್ಟೂ ತಂಗಿಯ ಜೊತೆ ನಿಮಗೂ ಲಾಭ. ನೀವು ಎಷ್ಟೇ ಪ್ರಾಮಾಣಿಕವಾಗಿದ್ದರೂ ತಮ್ಮನ ಕಣ್ಣಿಗೆ ಅದು ಕಾಣುತ್ತದೆ. ಅದಕ್ಕೇ ಮನೆಗೆ ನೀವಾಗಿ ಅಂಕಿ ಹೇಳಬೇಡಿ, ಅಂದಾಜಿಗೂ ಹೇಳಬೇಡಿ.

1998ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ಒಂದು ಪ್ರಕರಣವನ್ನು ನಾನು ಎಲ್ಲ ಎಕ್ಸಿಕ್ಯೂಟರ್‌ಗಳಿಗೂ ಹೇಳುತ್ತೇನೆ. ಗಂಡ ವಿಲ್ ಬರೆಯದೆ ತೀರಿಕೊಂಡಿದ್ದ. ಆಸ್ತಿ ವಿಲೇವಾರಿ ಹೆಂಡತಿಯ ಕೈಯಲ್ಲಿತ್ತು. ಖಾಸಗಿ ಕಂಪನಿಯೊಂದರ ಶೇರುಗಳಿಗೆ 50,000 ಪೌಂಡ್ ಬೆಲೆ ಹಿಡಿದು ಆಕೆ ತನ್ನ ಪಾಲಿಗೆ ಇಟ್ಟುಕೊಂಡರು. ಆಮೇಲೆ ಅವೇ ಶೇರುಗಳು 11 ಲಕ್ಷ ಪೌಂಡಿಗಿಂತ ಹೆಚ್ಚಿಗೆ ಮಾರಾಟವಾದವು. ಗಂಡನ ಮಕ್ಕಳಲ್ಲೊಬ್ಬರು ನ್ಯಾಯಾಲಯಕ್ಕೆ ಹೋದರು. ಪೇಟೆಯಲ್ಲಿ ದರ ಕಾಣದ ಇಂಥ ಶೇರನ್ನು, ಉಳಿದವರ ಒಪ್ಪಿಗೆಯಾಗಲಿ ನ್ಯಾಯಾಲಯದ ಅನುಮತಿಯಾಗಲಿ ಇಲ್ಲದೆ ತನಗೆ ತಾನೇ ಕೊಟ್ಟುಕೊಳ್ಳುವ ಹಾಗಿಲ್ಲ ಅಂತ ನ್ಯಾಯಾಲಯ ಹೇಳಿತು. ಎಕ್ಸಿಕ್ಯೂಟರ್ ತಾನೇ ಕೊಡುವವನೂ ತಾನೇ ತೆಗೆದುಕೊಳ್ಳುವವನೂ ಆದಾಗ ಬೆಲೆ ಎಷ್ಟು ಸರಿ ಅನ್ನುವುದಕ್ಕಿಂತ ಮೊದಲು, ಉಳಿದವರನ್ನು ಕೇಳಿದೆಯಾ ಅನ್ನುವ ಪ್ರಶ್ನೆ ಬರುತ್ತದೆ.

ನಿಮ್ಮಲ್ಲಿರುವ ಶೇರು ಪೇಟೆಯಲ್ಲಿ ವಹಿವಾಟಾಗುವಂಥದ್ದು ಅಂತ ಅಂದುಕೊಂಡಿದ್ದೇನೆ. ಅದಕ್ಕೆ ಬೆಲೆ ಹುಡುಕುವುದು ಸುಲಭ. ತೆರಿಗೆಗೆ ಮಾತ್ರ ಒಂದೊಂದು ದೇಶದ್ದು ಒಂದೊಂದು ರೀತಿ. ಅಮೆರಿಕದಲ್ಲಿ ಆ ದಿನದ ಅತಿ ಹೆಚ್ಚು ಮತ್ತು ಅತಿ ಕಡಿಮೆ ದರದ ಸರಾಸರಿ ಹಿಡಿಯುತ್ತಾರೆ. ಅಲ್ಲಿ ತೆರಿಗೆ ಕಡಿಮೆಯಾಗುವ ಹಾಗಿದ್ದರೆ ತೀರಿಕೊಂಡ 6 ತಿಂಗಳ ನಂತರದ ಬೆಲೆ ಆರಿಸಿಕೊಳ್ಳಲೂ ಅವಕಾಶವಿದೆ. ಭಾರತದಲ್ಲಿ 1985ರಿಂದ ಮರಣ ತೆರಿಗೆಯೇ ಇಲ್ಲ. ಅಲ್ಲಿ ಪ್ರೊಬೇಟ್ (ವಿಲ್ ಸರಿಯಿದೆ ಅಂತ ನ್ಯಾಯಾಲಯ ಕೊಡುವ ದೃಢೀಕರಣ) ಪಡೆದರೆ 6 ತಿಂಗಳಲ್ಲಿ ಆಸ್ತಿಪಟ್ಟಿ, ಒಂದು ವರ್ಷದಲ್ಲಿ ಲೆಕ್ಕಪತ್ರ ನ್ಯಾಯಾಲಯಕ್ಕೆ ಕೊಡಬೇಕು. ಆದರೆ ನಿಮ್ಮ ಪಾಲಿನ ಜಗಳಕ್ಕೆ ಇದಾವುದೂ ಬೇಡ. ಶೇರನ್ನು ಎಣಿಸಿ ಹಂಚಬಹುದಲ್ಲ! ತಂಗಿಗೆ ಇಂತಿಷ್ಟು ಶೇರು, ನಿಮಗೆ ಅಷ್ಟೇ ಶೇರು ಅಂತ ಹಂಚಿದರೆ, ದರ ಬೆಳಿಗ್ಗೆ ಒಂದು ಸಂಜೆ ಒಂದು ಆದರೂ ನಿಮ್ಮಿಬ್ಬರ ನಡುವೆ ತಕರಾರು ಬರುವುದಿಲ್ಲ. ತಮ್ಮನ ಲೆಕ್ಕಕ್ಕೆ ಮಾತ್ರ ಒಂದು ದಿನದ ದರ ಬೇಕು.

ಒಂದೇ ಬೆಲೆಯ ಎರಡು ಆಸ್ತಿ ಕೈಗೆ ಬಂದ ಮೇಲೆ ಒಂದೇ ಆಗಿ ಉಳಿಯದಿರಬಹುದು, ಇದನ್ನೂ ಗಮನಿಸಿ. ಕೆಲವು ದೇಶಗಳಲ್ಲಿ ವಾರಸುದಾರರು ಮಾರುವಾಗ ಲಾಭದ ಲೆಕ್ಕ ತೀರಿಕೊಂಡ ದಿನದ ಬೆಲೆಯಿಂದ ಶುರುವಾಗುತ್ತದೆ. ಅಮೆರಿಕದಲ್ಲಿ ಬಹುಪಾಲು ಹೀಗೆ. ಭಾರತದಲ್ಲಿ ಹಾಗಲ್ಲ, ಮೊದಲ ಮಾಲೀಕರು ಕೊಂಡ ಬೆಲೆಯೇ ಮುಂದುವರಿಯುತ್ತದೆ. ಅಮ್ಮ ಬಹಳ ಹಿಂದೆ ಅಗ್ಗಕ್ಕೆ ಕೊಂಡ ಶೇರಿನ ಒಳಗೆ ಹಾಗಾಗಿ ನಾಳೆ ಕಟ್ಟಬೇಕಾದ ತೆರಿಗೆಯೂ ಕೂತಿರುತ್ತದೆ. ಠೇವಣಿಯ ಹಣದಲ್ಲಿ ಅದು ಇರುವುದಿಲ್ಲ. ಯಾರಿಗೆ ಶೇರು, ಯಾರಿಗೆ ನಗದು ಅನ್ನುವಾಗ ಇದನ್ನು ಎಲ್ಲರ ಮುಂದೆ ಹೇಳಿ. ಲೆಕ್ಕದಲ್ಲಿ ಕಳೆಯಬೇಕೋ ಬೇಡವೋ ಅನ್ನುವುದು ನೀವು ಮೂವರೂ ಒಪ್ಪಿ ತೀರ್ಮಾನಿಸುವ ಮಾತು.

ಪಾತ್ರೆ, ಕಪಾಟು, ಹಳೆಯ ಫೋಟೋಗಳ ಬಗ್ಗೆ ನೀವು ಬರೆದಿಲ್ಲ. ಅವುಗಳಿಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ, ಮನಸ್ಸಿನಲ್ಲಿ ಬಹಳ ಇದೆ. ನಾನು ನೋಡಿದ ಒಂದು ಕುಟುಂಬದಲ್ಲಿ ದೊಡ್ಡ ಆಸ್ತಿಯ ಹಂಚಿಕೆ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ತಾಯಿಯ ಹೊಲಿಗೆ ಯಂತ್ರದ ಮೇಲೆ ಅಕ್ಕ ತಂಗಿ ಎರಡು ವರ್ಷ ಮಾತು ಬಿಟ್ಟರು. ಇಂಥವಕ್ಕೆ ಬೆಲೆ ಕಟ್ಟಲು ಹೋಗಬೇಡಿ, ಸರದಿಯಲ್ಲಿ ಆರಿಸಿಕೊಳ್ಳಿ. ಮೊದಲ ಸುತ್ತಿನಲ್ಲಿ ಕೊನೆಗೆ ಆರಿಸಿದವರು ಎರಡನೇ ಸುತ್ತಿನಲ್ಲಿ ಮೊದಲು ಆರಿಸಲಿ.

ತಮ್ಮನ ಮನಸ್ಸಿನಲ್ಲಿ ಏನಿರಬಹುದು ಅಂತಲೂ ಯೋಚಿಸಿದೆ. ಅಮ್ಮನ ಜೊತೆ ಇದ್ದವನು ಅವನು. ಔಷಧ, ಆಸ್ಪತ್ರೆ, ರಾತ್ರಿಯ ಎಚ್ಚರ ಎಲ್ಲ ಅವನ ಪಾಲಿಗೆ ಬಂದಿರಬೇಕು. ಹಳೆಯ ಬೆಲೆ ಕೇಳುವಾಗ ಅವನು ಕೇಳುತ್ತಿರುವುದು ಅದರ ಗುರುತಿಸುವಿಕೆಯನ್ನೂ ಇರಬಹುದು. ನಿಮಗೂ ತಂಗಿಗೂ ಅವನಿಗೆ ಸ್ವಲ್ಪ ಜಾಸ್ತಿ ಹೋಗಲಿ ಅನ್ನಿಸಿದರೆ ಖಂಡಿತ ಮಾಡಿ. ಆದರೆ ಅದಕ್ಕಾಗಿ ಮನೆಯ ಬೆಲೆ ತಿದ್ದಬೇಡಿ. ನಿಜವಾದ ಬೆಲೆಯನ್ನೇ ಬರೆದು, ನಿಮ್ಮ ಪಾಲಿನಿಂದ ಇಷ್ಟು ಬಿಟ್ಟುಕೊಟ್ಟಿದ್ದೇವೆ ಅಂತ ಸಹಿ ಹಾಕಿ. ಆಗ ಅದು ಅಕ್ಕರೆಯಿಂದ ಕೊಟ್ಟದ್ದು ಅಂತ ಉಳಿಯುತ್ತದೆ. ಬೆಲೆ ತಿದ್ದಿದರೆ ಎಕ್ಸಿಕ್ಯೂಟರ್ ಆಗಿ ನೀವು ತಪ್ಪು ಲೆಕ್ಕ ಬರೆದ ಹಾಗಾಗುತ್ತದೆ. ವಯಸ್ಕರಾದ ಪಾಲುದಾರರು ಎಲ್ಲರೂ ತಿಳಿದು ಒಪ್ಪಿದರೆ ಹೀಗೆ ಹೊಂದಿಸಿಕೊಳ್ಳಲು ಅಡ್ಡಿಯಿಲ್ಲ. ನಿಮ್ಮಲ್ಲಿ ಯಾರ ಪಾಲಾದರೂ ಅಪ್ರಾಪ್ತ ಮಕ್ಕಳಿಗೆ ಹೋಗುವುದಿದ್ದರೆ ಮಾತ್ರ ಅವರ ಪರವಾಗಿ ನೀವು ಬಿಟ್ಟುಕೊಡುವಂತಿಲ್ಲ, ವಕೀಲರನ್ನು ಕೇಳಲೇಬೇಕು. ಬಿಟ್ಟುಕೊಟ್ಟ ಮೊತ್ತಕ್ಕೆ ನಿಮ್ಮ ಕಡೆ ತೆರಿಗೆ ಅಥವಾ ಶುಲ್ಕ ಬರುತ್ತದೆಯೇ ಅಂತಲೂ ಸಹಿಗೆ ಮುಂಚೆ ವಿಚಾರಿಸಿ.

ಈ 14 ತಿಂಗಳ ಮನೆ ಕಂದಾಯ, ದುರಸ್ತಿ ಯಾರು ಕಟ್ಟಿದರು? ತಮ್ಮ ತನ್ನ ಕೈಯಿಂದ ಹಾಕಿದ್ದರೆ ಅದು ಗಂಟಿನಿಂದ ಅವನಿಗೆ ವಾಪಸ್ ಬರಬೇಕು. ಅವನು ಬಾಡಿಗೆ ಇಲ್ಲದೆ ಇದ್ದದ್ದನ್ನೂ ಅದರ ಪಕ್ಕದಲ್ಲೇ ಇಟ್ಟು ಮಾತಾಡಿ. ಬಹಳ ಮನೆಗಳಲ್ಲಿ ಇವೆರಡನ್ನೂ ಒಂದಕ್ಕೊಂದು ವಜಾ ಹಾಕಿ ಮುಗಿಸುತ್ತಾರೆ, ನನಗೂ ಅದೇ ಒಳ್ಳೆಯದು ಅನ್ನಿಸುತ್ತದೆ. ಇಷ್ಟರಲ್ಲಿ ಯಾರಿಗಾದರೂ ಠೇವಣಿಯಿಂದ ಮುಂಗಡ ಕೊಟ್ಟಿದ್ದರೆ ಆ ಮೊತ್ತವನ್ನು ಅವರ ಪಾಲಿಗೆ ಹಿಡಿಯುವುದನ್ನು ಮರೆಯಬೇಡಿ.

ಕೊನೆಯದಾಗಿ, ಮೇಲಿನ ಲೆಕ್ಕದಲ್ಲಿ ತಮ್ಮ ಗಂಟಿಗೆ ಹಾಕಬೇಕಾದ ಆ 31. ಅಷ್ಟು ಹಣ ತರಲು ತಮ್ಮನಿಗೆ ಆಗುತ್ತದಾ ಅಂತ ಮೌಲ್ಯಮಾಪನಕ್ಕೆ ಖರ್ಚು ಮಾಡುವ ಮೊದಲೇ ಕೇಳಿ. ಮನೆಯ ಮೇಲೆ ಸಾಲ ತೆಗೆದು ಕೊಡಬಹುದು. ಕಂತಿನಲ್ಲಿ ಕೊಡುತ್ತೇನೆ ಅಂದರೆ ಎಷ್ಟು ದಿನ, ಎಷ್ಟು ಬಡ್ಡಿ, ಮನೆಯೇ ಆಧಾರವಾಗಿರುತ್ತದೆಯೇ ಅನ್ನುವುದನ್ನು ಬರವಣಿಗೆಯಲ್ಲಿ ತನ್ನಿ. ಮೌಲ್ಯಮಾಪನದ ದಿನದಿಂದ ಮೂರು ತಿಂಗಳೊಳಗೆ ಹಣವೂ ಹಕ್ಕುಪತ್ರವೂ ಕೈ ಬದಲಾಗಬೇಕು, ಇಲ್ಲದಿದ್ದರೆ ಬೆಲೆಯನ್ನು ಮತ್ತೆ ನೋಡಬೇಕು ಅಂತ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ. ಅವನಿಂದ ಆಗುವುದೇ ಇಲ್ಲ ಅಂತಾದರೆ ಮನೆಯನ್ನು ಮಾರುಕಟ್ಟೆಗೆ ಇಡಬೇಕಾಗುತ್ತದೆ. ಆಗ ಬೆಲೆಯನ್ನು ಕೊಳ್ಳುವವರೇ ಹೇಳುತ್ತಾರೆ.